ಕಪ್ಪು ಮಖಮಲ್ಲಿನ ಮೇಲೆ ಟಿಕಿ ಚಿತ್ರ: ಬಣ್ಣ ಹಚ್ಚಿದಷ್ಟೂ ಕಪ್ಪು ಸಾಯುತ್ತಿದೆ, ದಾರಿ ತೋರಿಸಿ

ಕಡಲಾಚೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನನ್ನ ಊರು ಕುಂದಾಪುರದ ಹತ್ತಿರ. ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಚಿತ್ರಕಲೆಯನ್ನು ಯಾರಲ್ಲಿಯೂ ಕಲಿತಿಲ್ಲ, ರಜೆಯ ದಿನ ಗ್ಯಾರೇಜಿನಲ್ಲಿ ಕುಳಿತು ಬರೆಯುತ್ತೇನೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಹಳೆಯ ಸಾಮಾನುಗಳನ್ನು ಅಂಗಳದಲ್ಲಿ ಮಾರಾಟಕ್ಕೆ ಇಟ್ಟಿದ್ದರು. ಕುರ್ಚಿ, ಪಾತ್ರೆಗಳ ನಡುವೆ ಒಂದು ಚಿತ್ರವಿತ್ತು. ಕಪ್ಪು ಮಖಮಲ್ಲಿನ ಮೇಲೆ ಬರೆದ ಟಿಕಿ, ಅಂದರೆ ಪೆಸಿಫಿಕ್ ಸಾಗರದ ಪಾಲಿನೇಷ್ಯಾದ ದ್ವೀಪಗಳಲ್ಲಿ ಕಲ್ಲಿನಲ್ಲೋ ಮರದಲ್ಲೋ ಕೆತ್ತುವ ಮೂರ್ತಿ. ಚಿತ್ರದ ಹೊರಗೆ ಎಲ್ಲೋ ದೀವಟಿಗೆ ಉರಿಯುತ್ತಿದೆ. ಅದರ ಬೆಳಕು ಹುಬ್ಬಿನ ಮೇಲೆ, ಕೆಳದುಟಿಯ ಮೇಲೆ, ಮೂಗಿನ ಒಂದು ಬದಿಯಲ್ಲಿ ಮಾತ್ರ ಇದೆ. ಉಳಿದ ಮುಖವನ್ನು ಬರೆದವರು ಬರೆದೇ ಇಲ್ಲ. ಆದರೂ ಇಡೀ ಮುಖ ನನ್ನನ್ನು ನೋಡುತ್ತಿತ್ತು. ನಮ್ಮ ಅಜ್ಜ ದೊಂದಿ ಬೆಳಕಿನ ಬಯಲಾಟಗಳ ಬಗ್ಗೆ ಹೇಳುತ್ತಿದ್ದರು. ಬಣ್ಣದ ವೇಷ ಕತ್ತಲೆಯಿಂದ ಎದ್ದು ಬರುವಾಗ ಮೊದಲು ಹಲ್ಲು ಕಾಣುತ್ತಿತ್ತಂತೆ, ಆಮೇಲೆ ಮುಖವಂತೆ. ಆ ಮಾತು ಅಂಗಳದಲ್ಲಿ ನಿಂತಿದ್ದ ನನಗೆ ಥಟ್ಟನೆ ನೆನಪಾಯಿತು. ಇಪ್ಪತ್ತು ಡಾಲರ್ ಕೊಟ್ಟು ತಂದೆ. ಸಹಿ ಇಲ್ಲ, ತಾರೀಖಿಲ್ಲ.

ಅಂದಿನಿಂದ ಅಂಥದ್ದೊಂದನ್ನು ನಾನೂ ಬರೆಯಬೇಕೆಂಬ ಆಸೆ. ಮೂರು ಬಾರಿ ಸೋತಿದ್ದೇನೆ. ಮೊದಲ ಸಲ ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ ಹಚ್ಚಿದೆ. ಮಖಮಲ್ಲು ಮಳೆಯಲ್ಲಿ ನೆನೆದ ಬೆಕ್ಕಿನ ಮೈಯಂತೆ ಗಂಟುಗಂಟಾಯಿತು. ಎರಡನೆಯ ಸಲ ದಪ್ಪವಾಗಿ ಹಚ್ಚಿದೆ, ಒಣಗಿದ ಮೇಲೆ ಹೊಪ್ಪಳೆಯಂತೆ ಎದ್ದು ಬಂತು. ಮೂರನೆಯದರಲ್ಲಿ ಹಿನ್ನೆಲೆಗೆ ರಾತ್ರಿಯ ಆಕಾಶ ಬರೆದೆ, ತಪ್ಪಿದ ಜಾಗಕ್ಕೆ ಕಪ್ಪು ಬಣ್ಣದ ತೇಪೆ ಹಾಕಿದೆ. ಆ ತೇಪೆ ಈಗ ಡಾಂಬರು ರಸ್ತೆಯಂತೆ ಹೊಳೆಯುತ್ತದೆ, ಸುತ್ತಲಿನ ಕಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲ. ತಿಳಿದವರು ಹೇಳಿ.

ಹಾಸುಹೊಕ್ಕು (ದಾವಣಗೆರೆ)

ಮೊದಲು ಬಟ್ಟೆಯ ವಿಷಯ ಇತ್ಯರ್ಥವಾಗಲಿ. ಮೂವತ್ತೊಂದು ವರ್ಷ ಬಟ್ಟೆಯ ಗಿರಣಿಯಲ್ಲಿ ಕಳೆದವನು ನಾನು. ನೀವು ಅಂಗಡಿಯಿಂದ ತಂದದ್ದು ಯಾವ ಮಖಮಲ್ಲು? ಅಂಚಿನಿಂದ ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರಿನ ರೋಮ, ಅಂದರೆ ಮಖಮಲ್ಲಿನ ಮೇಲೆ ನಿಲ್ಲುವ ಗಿಡ್ಡ ನೂಲು, ನುಣುಪಾಗಿರುತ್ತದೆ, ಬಣ್ಣವನ್ನು ಹತ್ತಿಯಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಮಖಮಲ್ಲು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಜಾತಿ ಇವೆ. ವೆಲ್ವೆಟ್ಟಿನಲ್ಲಿ ರೋಮ ಹುಟ್ಟುವುದು ಹಾಸಿನ, ಅಂದರೆ ಉದ್ದುದ್ದಕ್ಕೆ ಹೋಗುವ ನೂಲಿನಿಂದ. ಎರಡು ಬಟ್ಟೆಗಳನ್ನು ಮುಖಾಮುಖಿಯಾಗಿ ಒಟ್ಟಿಗೆ ನೇಯ್ದು, ನಡುವಿನ ನೂಲನ್ನು ಬ್ಲೇಡಿನಿಂದ ಸೀಳಿ ಎರಡು ಮಾಡುತ್ತಾರೆ. ವೆಲ್ವೆಟೀನ್ ಎಂಬುದರಲ್ಲಿ ರೋಮ ಬರುವುದು ಹೊಕ್ಕಿನ, ಅಂದರೆ ಅಡ್ಡಕ್ಕೆ ಹೋಗುವ ನೂಲಿನಿಂದ. ನೇಯ್ಗೆ ಮುಗಿದ ಮೇಲೆ ಮೇಲ್ಮೈಯಲ್ಲಿ ತೇಲುವ ಹೊಕ್ಕನ್ನು ಕತ್ತರಿಸುತ್ತಾರೆ. ರೋಮ ಗಿಡ್ಡ, ಬಟ್ಟೆ ಸಾಮಾನ್ಯವಾಗಿ ಹತ್ತಿಯದು, ಜೋಲುವುದು ಕಡಿಮೆ. ನಿಮ್ಮ ಕೆಲಸಕ್ಕೆ ಎರಡನೆಯದನ್ನೇ ಹುಡುಕಿ.

ಕಪ್ಪು ಏಕೆ ಸತ್ತಿತು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಮಖಮಲ್ಲು ಅಷ್ಟು ಕಪ್ಪಾಗಿ ಕಾಣುವುದು ಬರಿಯ ಬಣ್ಣದಿಂದಲ್ಲ. ರೋಮಗಳು ನೆಟ್ಟಗೆ ನಿಂತಿರುತ್ತವೆ, ಬೆಳಕು ಅವುಗಳ ನಡುವೆ ಇಳಿದು ಅಲ್ಲಲ್ಲೇ ತಾಗಿ ಕರಗಿ ಹೋಗುತ್ತದೆ, ಹಿಂದಿರುಗಿ ನಿಮ್ಮ ಕಣ್ಣಿಗೆ ಬರುವುದಿಲ್ಲ. ನೀವು ಅದರ ಮೇಲೆ ಬಣ್ಣ ಮೆತ್ತಿದೊಡನೆ ರೋಮಗಳು ಅಂಟಿಕೊಂಡು ಚಪ್ಪಟೆ ನೆಲವಾಗುತ್ತದೆ. ಚಪ್ಪಟೆ ನೆಲ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಯಾವ ಕಂಪನಿಯ ಕಪ್ಪು ಬಣ್ಣ ತಂದರೂ ಬಟ್ಟೆಯ ಕಪ್ಪಿಗೆ ಸಮನಾಗುವುದಿಲ್ಲ. ತೇಪೆ ಹಾಕುವ ಯೋಚನೆಯನ್ನೇ ಬಿಡಿ.

ಇನ್ನೊಂದು ವಿಷಯ. ಹಸುವಿನ ಮೈ ಸವರಿದ ಹಾಗೆ ಬಟ್ಟೆಯನ್ನು ಅಂಗೈಯಿಂದ ಸವರಿ. ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ತಡೆ. ನುಣುಪಿನ ದಿಕ್ಕು ಮೇಲಕ್ಕಿರುವಂತೆ ಚೌಕಟ್ಟಿಗೆ ಎಳೆದು ಕಟ್ಟಿದರೆ ಕಪ್ಪು ಆಳವಾಗಿ ಕಾಣುತ್ತದೆ. ಕೆಳಕ್ಕಿರುವಂತೆ ಕಟ್ಟಿದರೆ ಸ್ವಲ್ಪ ಬೂದಿ ಹೊಳಪು ಬರುತ್ತದೆ. ರವಿಕೆ ಹೊಲಿಯುವ ದರ್ಜಿಗಳಿಗೆಲ್ಲ ಇದು ಗೊತ್ತು.

ನಿಬ್ಬಿನ ಅಜ್ಜಿ (ಹುಬ್ಬಳ್ಳಿ)

ತಮ್ಮಾ, ನಿನ್ನ ಪತ್ರ ಓದಿ ನನ್ನ ಹಳೆಯ ಪೆಟ್ಟಿಗೆ ತೆಗೆದು ಕುಳಿತೆ. ಎಂಬತ್ತರ ದಶಕದಲ್ಲಿ ನಾವು ಹೆಂಗಸರೆಲ್ಲ ನಿಬ್ ಪೇಂಟಿಂಗ್ ಕಲಿತೆವು. ಕಪ್ಪು ಮಖಮಲ್ಲು, ಟ್ಯೂಬಿನ ಎಣ್ಣೆ ಬಣ್ಣ, ಶಾಯಿ ಪೆನ್ನಿನ ನಿಬ್ಬು. ನಿಬ್ಬಿನ ಬೆನ್ನಿನ ಮೇಲೆ ಬಣ್ಣ ಎತ್ತಿ ಬಟ್ಟೆಗೆ ಒತ್ತಿ ಎಳೆದರೆ ಒಂದು ಎಸಳು. ಹಾಗೆ ನೂರಾರು ಎಸಳು ಸೇರಿ ನವಿಲಿನ ಗರಿಯಾಗುತ್ತಿತ್ತು. ಆಗಿನ ಕಾಲದಲ್ಲಿ ಎಷ್ಟೋ ಮನೆಗಳ ನಡುಮನೆಯಲ್ಲಿ ಇಂಥ ಒಂದು ನವಿಲು ಇತ್ತು.

ನಮ್ಮದು ಬಣ್ಣವನ್ನು ಎಬ್ಬಿಸಿ ಕೂಡಿಸುವ ಕೆಲಸ. ನೀನು ಮಾಡಹೊರಟಿರುವುದು ಅದರ ಉಲ್ಟಾ, ಬಣ್ಣವನ್ನು ಸೋಕಿಸುವ ಕೆಲಸ. ನವಿಲು ಮುಗಿದ ಮೇಲೆ ಹಿಂದೆ ಬೆಳದಿಂಗಳು ಬೇಕೆಂದು ನಾನು ಕುಂಚದಲ್ಲಿ ಮಾಡುತ್ತಿದ್ದೆ, ಆ ಅನುಭವದಿಂದ ಹೇಳುತ್ತೇನೆ. ನೀರು ಮುಟ್ಟಿಸಬೇಡ. ಗಟ್ಟಿ ಕೂದಲಿನ ಕುಂಚ ತೆಗೆದುಕೋ, ಹಂದಿಯ ಕೂದಲಿನದು. ಬಣ್ಣ ತೆಗೆದುಕೊಂಡು ಹಳೆಯ ಹತ್ತಿ ಬಟ್ಟೆಗೆ ಒರೆಸು. ಇನ್ನೇನೂ ಉಳಿದಿಲ್ಲ ಅನಿಸುವ ತನಕ ಒರೆಸು. ಆಮೇಲೆ ಮಗುವಿನ ಹುಬ್ಬಿಗೆ ಕಾಡಿಗೆ ತೀಡುವಷ್ಟೇ ಹಗುರವಾಗಿ ರೋಮದ ತುದಿಗೆ ಮಾತ್ರ ತಾಗಿಸು. ಬುಡಕ್ಕೆ ಇಳಿಯಬಾರದು. ಮೊದಲ ಪದರ ಹಾಕಿದಾಗ ಏನೂ ಕಾಣಲಿಲ್ಲವೆಂದು ಗಾಬರಿಯಾಗುತ್ತದೆ. ಒಣಗಲು ಬಿಡು. ಮರುದಿನ ಮತ್ತೊಂದು ಪದರ. ಬೆಳಕು ಎಲ್ಲಿ ಹೆಚ್ಚು ಬೇಕೋ ಅಲ್ಲಿ ಆರೇಳು ಪದರ, ನೆರಳಿನ ಕಡೆಗೆ ಹೋದಂತೆ ಒಂದು, ಆಮೇಲೆ ಏನೂ ಇಲ್ಲ. ಅಕ್ರಿಲಿಕ್ಕಾದರೆ ಹಸಿಯಿರುವಾಗಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಮ್ಮೆ ರೋಮ ಬಿಡಿಸು, ಗಂಟಾಗುವುದಿಲ್ಲ.

ನಕ್ಷೆ ಇಳಿಸಲು ಪೆನ್ಸಿಲ್ ಬೇಡ. ಕಾಗದದ ಮೇಲೆ ಚಿತ್ರ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚು. ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿಯ ಗಂಟಿನಿಂದ ತಟ್ಟು. ಕಸೂತಿಗೆ ನಕ್ಷೆ ಇಳಿಸುವವರು ಮಾಡುವುದೂ ಹೀಗೆಯೇ. ತಪ್ಪಿದರೆ ಕೊಡವಿದರೆ ಸಾಕು.

ಬಣ್ಣದ ಮೇಷ್ಟ್ರು (ಮೈಸೂರು)

ಎಲ್ಲರೂ ಹೇಗೆ ಮಾಡಬೇಕೆಂದು ಹೇಳುತ್ತಿದ್ದೀರಿ, ಏಕೆ ಮಾಡಬೇಕೆಂದು ಯಾರೂ ಕೇಳುತ್ತಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದ್ದೇನೆ. ಕಪ್ಪು ಮಖಮಲ್ಲು ಬಹಳ ಬೇಗ ಬೆರಗು ಹುಟ್ಟಿಸುತ್ತದೆ, ಅದೇ ಅದರ ದೋಷ. ಒಂದು ಚುಕ್ಕಿ ಬಿಳಿ ಇಟ್ಟರೆ ಮುತ್ತಿನಂತೆ ಹೊಳೆಯುತ್ತದೆ. ನೋಡುವವನು ಅಬ್ಬಾ ಎನ್ನುತ್ತಾನೆ, ಬರೆದವನು ಅಷ್ಟಕ್ಕೇ ತೃಪ್ತನಾಗುತ್ತಾನೆ. ನೆರಳನ್ನು ಕಟ್ಟಲು ಕಲಿಯುವುದೇ ಇಲ್ಲ, ಏಕೆಂದರೆ ನೆರಳನ್ನು ಅಂಗಡಿಯವನೇ ಮೀಟರಿನ ಲೆಕ್ಕದಲ್ಲಿ ಅಳೆದು ಕೊಟ್ಟಿರುತ್ತಾನೆ.

1970ರ ದಶಕದಲ್ಲಿ ಮೆಕ್ಸಿಕೋದ ಗಡಿಯ ಹ್ವಾರೆಸ್ ನಗರದಲ್ಲಿ ಈ ಚಿತ್ರಗಳನ್ನು ಕಾರ್ಖಾನೆಯಲ್ಲಿ ತಯಾರಿಸಿದಂತೆ ತಯಾರಿಸಿದರು. ಒಬ್ಬ ಒಂದು ಭಾಗ ಬರೆದು ಮುಂದಕ್ಕೆ ತಳ್ಳುವುದು, ಇನ್ನೊಬ್ಬ ಮತ್ತೊಂದು ಭಾಗ. ಗಾಯಕ ಎಲ್ವಿಸ್, ಗೂಳಿ ಕಾಳಗ, ಅಳುವ ಕೋಡಂಗಿ. ಅಮೆರಿಕದ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರಿದರು. ಇಂಥ ದಾರಿಯಲ್ಲಿ ಕಣ್ಣಿರುವ ಹುಡುಗನೊಬ್ಬ ಹೋಗುವುದು ನನಗೆ ಸಂತೋಷದ ವಿಷಯವಲ್ಲ. ಬಿಳಿ ಕಾಗದದ ಮೇಲೆ ಇದ್ದಿಲಿನಿಂದ ಒಂದು ವರ್ಷ ಮುಖ ಬರೆಯಿರಿ, ಆಮೇಲೆ ಮಖಮಲ್ಲಿಗೆ ಬನ್ನಿ.

ಕಡಲಾಚೆ

ಮೇಷ್ಟ್ರೇ, ಇದ್ದಿಲಿನ ಮಾತನ್ನು ಒಪ್ಪುತ್ತೇನೆ, ಇಂದೇ ಶುರು ಮಾಡುತ್ತೇನೆ. ಆದರೆ ಈ ದಾರಿ ಹ್ವಾರೆಸ್‌ನಲ್ಲಿ ಹುಟ್ಟಿದ್ದಲ್ಲ.

ಎಡ್ಗರ್ ಲೀಟೆಗ್ ಎಂಬಾತ 1904ರಲ್ಲಿ ಇಲಿನಾಯ್ ರಾಜ್ಯದ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ. ಕ್ಯಾಲಿಫೋರ್ನಿಯಾದಲ್ಲಿ ಜಾಹೀರಾತು ಫಲಕ ಬರೆಯುವ ಕೆಲಸ ಮಾಡುತ್ತಿದ್ದ. ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ತಾಯಿಯ ಜೊತೆ ಪಾಲಿನೇಷ್ಯಾದ ತಾಹಿತಿ ದ್ವೀಪಕ್ಕೆ ಹೋಗಿ, ಮುಂದೆ ಪಕ್ಕದ ಮೂರೆಯಾ ದ್ವೀಪದಲ್ಲಿ ನೆಲೆಸಿದ. ವೆಲ್ವೆಟೀನ್ ಮೇಲೆ ಎಣ್ಣೆ ಬಣ್ಣದಲ್ಲಿ ದ್ವೀಪದ ಜನರ ಮುಖಗಳನ್ನು ಬರೆದ. ಆರಂಭದಲ್ಲಿ ನಾವಿಕರಿಗೆ ಕೆಲವೇ ಡಾಲರಿಗೆ ಮಾರುತ್ತಿದ್ದವನನ್ನು ಹೊನೊಲುಲುವಿನ ವ್ಯಾಪಾರಿ ಬಾರ್ನಿ ಡೇವಿಸ್ ಪ್ರಸಿದ್ಧಿಗೆ ತಂದ. 1953ರ ಫೆಬ್ರವರಿಯಲ್ಲಿ ತಾಹಿತಿಯ ಪಪೀಟೆ ಪಟ್ಟಣದಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಲೀಟೆಗ್ ತೀರಿಕೊಂಡ. ಆ ಹೊತ್ತಿಗೆ ಅಮೆರಿಕದಲ್ಲಿ ಟಿಕಿ ಹೋಟೆಲುಗಳ, ಅಂದರೆ ಪಾಲಿನೇಷ್ಯಾದ ದ್ವೀಪಗಳಂತೆ ಸಿಂಗರಿಸಿದ ಪಾನಗೃಹಗಳ, ಅಲೆ ಏಳುತ್ತಿತ್ತು, ಅವನ ಚಿತ್ರಗಳೂ ಅವನನ್ನು ನಕಲು ಮಾಡಿದವರ ಚಿತ್ರಗಳೂ ಅವುಗಳ ಗೋಡೆ ಸೇರಿದವು. ನಾನಿರುವ ಜಾಗದಿಂದ ಐವತ್ತು ಕಿಲೋಮೀಟರಿನೊಳಗೆ, ಓಕ್ಲೆಂಡಿನಲ್ಲಿ, ವಿಕ್ಟರ್ ಬರ್ಜೆರಾನ್ ಎಂಬಾತ 1934ರಲ್ಲಿ ಆರಂಭಿಸಿದ ಸಣ್ಣ ಹೋಟೆಲೇ ಮುಂದೆ ಟ್ರೇಡರ್ ವಿಕ್ಸ್ ಎಂಬ ಹೆಸರಾಂತ ಟಿಕಿ ಹೋಟೆಲಾಯಿತು. ನನ್ನ ಆ ಸಹಿಯಿಲ್ಲದ ಚಿತ್ರವೂ ಅಂಥ ಯಾವುದೋ ಗೋಡೆಯಿಂದ ಇಳಿದು ಬಂದಿರಬಹುದು.

ಲೀಟೆಗ್‌ನ ಚಿತ್ರದ ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿ. ಮುದುಕನ ಕೆನ್ನೆಯ ಸುಕ್ಕುಗಳಲ್ಲಿ ಕತ್ತಲೆ ಎಲ್ಲೆಲ್ಲಿ ಉಳಿಯಬೇಕು ಎಂದು ತೀರ್ಮಾನಿಸಿದ್ದು ಅಂಗಡಿಯವನಲ್ಲ. ಕ್ಯಾನ್ವಾಸಿನ ಮೇಲೆ ನೆರಳು ತಪ್ಪಿದರೆ ಮತ್ತೆ ಬರೆಯಬಹುದು. ಇಲ್ಲಿ ಒಮ್ಮೆ ಮುಟ್ಟಿದ ಕತ್ತಲೆ ಮರಳಿ ಬರುವುದಿಲ್ಲ. ಇದನ್ನು ಸುಲಭ ಎನ್ನಲು ನನ್ನ ಮೂರು ಹಾಳಾದ ಬಟ್ಟೆಗಳು ಬಿಡುವುದಿಲ್ಲ.

ಬಣ್ಣದ ಮೇಷ್ಟ್ರು

ಕೊನೆಯ ಮಾತಿಗೆ ತಲೆದೂಗಿದೆ. ನ್ಯಾಯವಾಗಿ ನಾನು ಇನ್ನೊಂದನ್ನೂ ಸೇರಿಸಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿಯೂ ಶಾಲೆಯ ಹುಡುಗಿಯರಿಗೆ ಬಿಳಿ ಮಖಮಲ್ಲಿನ ಮೇಲೆ ಕತ್ತರಿಸಿದ ಅಚ್ಚುಕಾಗದ (ಸ್ಟೆನ್ಸಿಲ್) ಇಟ್ಟು ಹಣ್ಣಿನ ಬುಟ್ಟಿ ಬರೆಯಲು ಕಲಿಸುತ್ತಿದ್ದರು, ಅದನ್ನು ಥಿಯರಮ್ ಚಿತ್ರ ಎನ್ನುತ್ತಿದ್ದರು. ಈಗ ಅವು ಮ್ಯೂಸಿಯಮ್ಮುಗಳಲ್ಲಿ ಗೌರವದಿಂದ ಇವೆ.

ಹಾಸುಹೊಕ್ಕು

ಮೇಷ್ಟ್ರೇ, ನಿಮ್ಮ ಊರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ಚಿತ್ರಗಳಿವೆ, ಜನ ಸಾಲುಗಟ್ಟಿ ನೋಡುತ್ತಾರೆ. ಅದೇ ರವಿವರ್ಮ 1894ರಲ್ಲಿ ಮುದ್ರಣಾಲಯ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಿದಾಗ ಅದು ಕ್ಯಾಲೆಂಡರ್ ಕಲೆಯಾಯಿತು. ನಮ್ಮ ಅಮ್ಮ ಅಂಥ ಒಂದು ಸರಸ್ವತಿಗೆ ಜರಿಯ ಚೂರು ಅಂಟಿಸಿ ಸೀರೆ ಉಡಿಸಿದ್ದರು. ಆ ಪಟದ ಮುಂದೆ ನಾನು ಅಕ್ಷರ ಕಲಿತೆ. ರಾಶಿ ಹಾಕಿ ಮಾರಿದರು ಎಂಬುದು ಮಾರಿದವರ ಬಗ್ಗೆ ಹೇಳುತ್ತದೆ, ಚಿತ್ರದ ಬಗ್ಗೆಯಲ್ಲ.

ನೀಳ ಮೋಡ (ಆಕ್ಲೆಂಡ್)

ಇಲ್ಲಿಯವರೆಗೆ ಬಟ್ಟೆ, ಬಣ್ಣ, ಬೆಲೆ ಎಲ್ಲದರ ಮಾತಾಯಿತು. ಚಿತ್ರದಲ್ಲಿರುವವರ ಮಾತು ಬರಲೇ ಇಲ್ಲ. ಆರು ವರ್ಷಗಳಿಂದ ನಾನು ನ್ಯೂಜಿಲೆಂಡಿನಲ್ಲಿ ಶಾಲಾ ಶಿಕ್ಷಕಿ. ನನ್ನ ತರಗತಿಯಲ್ಲಿರುವ, ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಮಕ್ಕಳಲ್ಲಿ ಕೆಲವರ ಕೊರಳಲ್ಲಿ ಹೇಯಿಟಿಕಿ ಎಂಬ ಹಸಿರು ಕಲ್ಲಿನ ಟಿಕಿ ಪದಕ ಇರುತ್ತದೆ. ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು. ಅದಕ್ಕೆ ಹೆಸರಿರುತ್ತದೆ, ಅದು ಯಾರ ಕೊರಳಲ್ಲಿ ಇತ್ತು ಎಂಬ ನೆನಪಿರುತ್ತದೆ. ಇಲ್ಲಿನ ಮ್ಯೂಸಿಯಮ್ಮಿನೊಳಗೆ ಹೊಟುನುಯಿ ಎಂಬ 1878ರ ಸಭಾಗೃಹವನ್ನು ಇಡಿಯಾಗಿ ನಿಲ್ಲಿಸಿದ್ದಾರೆ. ಗೋಡೆಯುದ್ದಕ್ಕೂ ಪೂರ್ವಜರ ಕೆತ್ತನೆ. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ಮೊದಲ ದಿನ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಾಗ ನನಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

ಟಿಕಿ ಎಂಬ ಒಂದೇ ಮಾತಿನಲ್ಲಿ ಅಮೆರಿಕದ ಹೋಟೆಲುಗಳು ಇಡೀ ಪೆಸಿಫಿಕ್ ಸಾಗರವನ್ನು ಕಲಸಿಬಿಟ್ಟವು. ಮಾರ್ಕೇಸಸ್ ದ್ವೀಪಗಳ ಕಲ್ಲಿನ ಟಿಕಿಯ ದೊಡ್ಡ ದುಂಡು ಕಣ್ಣು ಬೇರೆ. ಹವಾಯಿಯವರು ಮೂರ್ತಿಗೆ ಕಿಇ ಎನ್ನುತ್ತಾರೆ, ಅದರ ಬಾಯಿಯ ಉಗ್ರ ಆಕಾರವೇ ಬೇರೆ. ರಾಪಾನೂಯಿಯ, ಅಂದರೆ ಈಸ್ಟರ್ ದ್ವೀಪದ, ಮೊಆಯಿ ಎಂಬ ದೊಡ್ಡ ಕಲ್ಲಿನ ಮೂರ್ತಿಗಳು ಇನ್ನೂ ಬೇರೆ. ಹವಾಯಿಗೂ ರಾಪಾನೂಯಿಗೂ ನಡುವೆ ಏಳು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಸಮುದ್ರವಿದೆ. ಹೋಟೆಲಿನವರು ಎಲ್ಲವನ್ನೂ ಸೇರಿಸಿ ಒಂದು ಮುಖ ಮಾಡಿ ಅದನ್ನು ಮದ್ಯದ ಲೋಟವಾಗಿಸಿದರು.

ಹವಾಯಿಯಲ್ಲಿ 1819ರಲ್ಲಿ ಕಪು ಎಂಬ ಹಳೆಯ ಧಾರ್ಮಿಕ ನಿಷೇಧಗಳ ಕಟ್ಟಳೆ ಮುರಿದುಬಿದ್ದಾಗ ದೇವಾಲಯಗಳ ಮೂರ್ತಿಗಳನ್ನು ಸುಟ್ಟರು, ಒಡೆದರು. ಕೂ ದೇವರ ಆಳೆತ್ತರದ ದೊಡ್ಡ ಮೂರ್ತಿಗಳಲ್ಲಿ ಉಳಿದವು ಮೂರು: ಒಂದು ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿ, ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ, ಒಂದು ಅಮೆರಿಕದ ಸೇಲಂ ಪಟ್ಟಣದಲ್ಲಿ. 2010ರಲ್ಲಿ ಮೂರನ್ನೂ ಹೊನೊಲುಲುವಿನಲ್ಲಿ ಕೆಲವು ತಿಂಗಳು ಒಟ್ಟಿಗೆ ನಿಲ್ಲಿಸಿದ್ದರು. ಅಣ್ಣ, ನೀವು ಬರೆಯುತ್ತಿರುವ ಮುಖ ಇವುಗಳಲ್ಲಿ ಯಾವುದು? ಅದು ಗೊತ್ತಿಲ್ಲದೆ ಬೆಳಕು ಎಲ್ಲಿ ಬೀಳಬೇಕು ಎಂದು ಹೇಗೆ ನಿರ್ಧರಿಸುತ್ತೀರಿ?

ನಿಬ್ಬಿನ ಅಜ್ಜಿ

ಈ ತಂಗಿ ಕೇಳಿದ್ದು ಸರಿಯಾಗಿದೆ. ನಾನೂ ಒಂದು ಕೇಳುತ್ತೇನೆ. ಲೀಟೆಗ್ ಬರೆದ ಹೆಣ್ಣುಮಕ್ಕಳ ಚಿತ್ರಗಳನ್ನು ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದಳು. ಮೈಮೇಲೆ ಬಟ್ಟೆಯಿಲ್ಲ, ಕೂದಲಲ್ಲಿ ಹೂವು. ಗಂಡಸರು ಕುಡಿಯುವ ಜಾಗದ ಗೋಡೆಗೆ ಅವು ಹೋದವು. ಚರ್ಮದ ಮೇಲಿನ ಬೆಳಕನ್ನು ಬರೆದ ಕೈಗೆ ನಾನು ಕೈ ಮುಗಿಯುತ್ತೇನೆ, ಅಷ್ಟು ಚೆನ್ನಾಗಿದೆ. ಆದರೆ ಕುಳಿತ ಆ ಹುಡುಗಿಗೆ ಎಷ್ಟು ಸಿಕ್ಕಿತು? ಅವಳ ಚಿತ್ರ ಯಾವ ಗೋಡೆಗೆ ಹೋಗುತ್ತದೆ ಎಂದು ಅವಳನ್ನು ಕೇಳಿದ್ದರೇ?

ಕಡಲಾಚೆ

ಎರಡು ದಿನ ಉತ್ತರ ಬರೆಯಲಾಗಲಿಲ್ಲ, ಕ್ಷಮಿಸಿ.

ನೀಳ ಮೋಡ ಅವರೇ, ನೀವು ಕೇಳಿದ ಮೇಲೆ ನನ್ನ ಬಳಿಯಿರುವ ಚಿತ್ರವನ್ನು ಮತ್ತೆ ನೋಡಿದೆ. ಕಣ್ಣು ಮಾರ್ಕೇಸಸ್‌ನದು, ಬಾಯಿ ಹವಾಯಿಯದು, ಹಣೆಯ ಉದ್ದ ರಾಪಾನೂಯಿಯದು. ಬರೆದವರು ಯಾವ ಮೂರ್ತಿಯನ್ನೂ ನೋಡಿ ಬರೆದಿಲ್ಲ. ನಾನು ನಕಲು ಮಾಡುತ್ತಿದ್ದದ್ದು ಹೋಟೆಲಿನ ಲೋಟದ ಮುಖವನ್ನು.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಮ್ಮ ಕಡೆ ಮೆಕ್ಕೆಕಟ್ಟಿನ ಭೂತದ ಗುಡಿ ಇದೆ. ಆಳೆತ್ತರದ, ಕೆಂಪು ಹಳದಿ ಬಳಿದ ಮರದ ಮೂರ್ತಿಗಳು. ಅಲ್ಲಿನ ಹಳೆಯ ಮೂರ್ತಿಗಳು ಈಗ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಮ್ಮಿನಲ್ಲಿವೆ. ಚಿಕ್ಕವನಿದ್ದಾಗ ಆ ಗುಡಿಯೊಳಗೆ ಅಮ್ಮನ ಸೆರಗು ಬಿಡದೆ ನಡೆದಿದ್ದೇನೆ. ಯಾರಾದರೂ ಪಂಜುರ್ಲಿಯ ಹಂದಿ ಮುಖವನ್ನೂ ಜುಮಾದಿಯ ನಾಲಗೆಯನ್ನೂ ಬೆರೆಸಿ ಲೋಟ ಮಾಡಿ ಅದರಲ್ಲಿ ಕುಡಿದರೆ ನನ್ನ ಹೊಟ್ಟೆಯಲ್ಲಿ ಏನಾಗುತ್ತದೋ, ಅದು ನಿಮ್ಮ ತರಗತಿಯ ಮಕ್ಕಳಿಗೂ ಆಗುತ್ತದೆ.

ಅಜ್ಜಿ, ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಲೀಟೆಗ್‌ನ ಕೈಯನ್ನು ಮೆಚ್ಚುವಾಗ ಇನ್ನು ಮುಂದೆ ಆ ಪ್ರಶ್ನೆಯೂ ಜೊತೆಗಿರುತ್ತದೆ.

ಹಾಗೆಂದು ಮಖಮಲ್ಲನ್ನು ಬಿಡುವ ಮನಸ್ಸಿಲ್ಲ. ಮುಖ ಬರೆಯುವ ಅಧಿಕಾರ ನನಗೆ ಇನ್ನೂ ಬಂದಿಲ್ಲ ಅನಿಸುತ್ತದೆ. ಆ ದ್ವೀಪಗಳ ಗಿಡಗಳನ್ನು ಮಾತ್ರ ನಾನು ಬಲ್ಲೆ. ತಾಹಿತಿಯವರು ಉರು ಎನ್ನುವುದು ಹಲಸಿನ ಜಾತಿಯ ನಮ್ಮ ಜೀಗುಜ್ಜೆ (ಬ್ರೆಡ್‌ಫ್ರೂಟ್). ಕ್ಯಾಪ್ಟನ್ ಬ್ಲೈ 1789ರಲ್ಲಿ ಬೌಂಟಿ ಹಡಗಿನಲ್ಲಿ ತಾಹಿತಿಯಿಂದ ಸಾಗಿಸುತ್ತಿದ್ದದ್ದು ಅದರ ಸಸಿಗಳನ್ನೇ, ಹಡಗಿನ ನಾವಿಕರ ದಂಗೆಯಾಗಿ ಎಲ್ಲವೂ ಸಮುದ್ರದ ಪಾಲಾದವು. ಕೆಸು, ತೆಂಗು, ಮುಂಡುಗ, ಇವು ಅವರ ಅಂಗಳದಲ್ಲಿಯೂ ಇವೆ, ನಮ್ಮ ಮನೆಯ ಹಿಂದೆಯೂ ಇವೆ. ರಾತ್ರಿ ಜೀಗುಜ್ಜೆ ಮರದ ಕೆಳಗೆ ನಿಂತು ಯಾರೋ ದೀವಟಿಗೆ ಎತ್ತಿ ಹಿಡಿದಾಗ ಎಲೆಯ ಅಡಿ ಹೇಗೆ ಕಾಣುತ್ತದೆ ಎಂಬುದನ್ನು ನಾನು ಯಾರಿಂದಲೂ ಎರವಲು ಪಡೆಯಬೇಕಾಗಿಲ್ಲ. ಅದನ್ನು ಬರೆಯುತ್ತೇನೆ.

ನೀಳ ಮೋಡ

ಬರೆಯಿರಿ. ಮೂರ್ತಿಯನ್ನು ಬರೆಯಲೇಬಾರದು ಎಂಬುದು ನನ್ನ ಮಾತಾಗಿರಲಿಲ್ಲ. ಯಾರ ಮೂರ್ತಿ, ಯಾವ ಊರಿನದು ಎಂದು ತಿಳಿದು, ಸಾಧ್ಯವಾದರೆ ಅವರಲ್ಲಿ ಒಬ್ಬರನ್ನು ಕೇಳಿ ಬರೆದರೆ ಅದು ಬೇರೆಯೇ ಕೆಲಸವಾಗುತ್ತದೆ.

ಬಣ್ಣದ ಮೇಷ್ಟ್ರು

ಜೀಗುಜ್ಜೆ ಎಲೆ ಒಳ್ಳೆಯ ಆಯ್ಕೆ. ಅಗಲವಾಗಿದೆ, ಆಳವಾಗಿ ಸೀಳಿದೆ, ನರಗಳು ಎದ್ದು ಕಾಣುತ್ತವೆ. ಹಸಿರಿನ ಬಗ್ಗೆ ಎಚ್ಚರ. ಬೆಳಕು ಹಾಯುವ ಬಣ್ಣಗಳು ಕಪ್ಪಿನ ಮೇಲೆ ಮಾಯವಾಗುತ್ತವೆ. ಅಲ್ಟ್ರಾಮರೀನ್ ನೀಲಿಯನ್ನು ನೇರ ಟ್ಯೂಬಿನಿಂದ ಹಚ್ಚಿದರೆ ಹಚ್ಚಿದ್ದೇ ಗೊತ್ತಾಗುವುದಿಲ್ಲ. ಎಲೆಯ ಬೆಳಗಿದ ಭಾಗಕ್ಕೆ ಮೊದಲು ಟೈಟಾನಿಯಂ ಬಿಳಿಯನ್ನು ಅಜ್ಜಿ ಹೇಳಿದಂತೆ ಒಣ ಕುಂಚದಲ್ಲಿ ತೆಳ್ಳಗೆ ಸೋಕಿಸಿ, ಒಣಗಿದ ಮೇಲೆ ಹಸಿರನ್ನು ಅದರ ಮೇಲೆ ತನ್ನಿ. ದೀವಟಿಗೆಯ ಬೆಳಕಾದ್ದರಿಂದ ಹಸಿರಿಗೆ ಹಳದಿ ಹೆಚ್ಚು ಬೆರೆಸಿ, ಅಂಚಿಗೆ ಒಂದಿಷ್ಟು ಕಿತ್ತಳೆ. ಜ್ವಾಲೆಯನ್ನೇ ಬರೆಯುವುದಾದರೆ ನಡುವೆ ಬಿಳಿಗೆ ಹತ್ತಿರದ ಹಳದಿ, ಹೊರಗೆ ಕೆಂಪು, ಅದರಾಚೆ ಖಾಲಿಯಾದ ಕುಂಚದಿಂದ ವೃತ್ತಾಕಾರವಾಗಿ ಉಜ್ಜಿದ ಒಂದು ಮಬ್ಬು ಪ್ರಭೆ. ಅತಿ ಹೊಳೆಯುವ ಫ್ಲೋರೊಸೆಂಟ್ ಬಣ್ಣ ತರಬೇಡಿ, ಬೆಳಕಿಗೆ ಬಹಳ ಬೇಗ ಮಾಸುತ್ತವೆ.

ನನ್ನ ಅಭಿಪ್ರಾಯ ಹೆಚ್ಚು ಬದಲಾಗಿಲ್ಲ. ಇದ್ದಿಲು ಮರೆಯಬೇಡಿ.

ಚೌಕಟ್ಟು (ಮಂಗಳೂರು)

ತಡವಾಗಿ ಬಂದೆ. ನಮ್ಮದು ಪಟಕ್ಕೆ ಚೌಕಟ್ಟು ಹಾಕುವ ಅಂಗಡಿ, ತಂದೆಯ ಕಾಲದಿಂದ ಇದೆ. ಮಖಮಲ್ಲಿನ ಚಿತ್ರಗಳು ಬರೆಯುವಾಗ ಕೆಡುವುದಕ್ಕಿಂತ ಆಮೇಲೆ ಕೆಡುವುದನ್ನೇ ನಾನು ಹೆಚ್ಚು ನೋಡಿದ್ದೇನೆ.

ಹೋದ ವರ್ಷ ಒಬ್ಬ ಅಮ್ಮ ತಮ್ಮ ತಾಯಿಯ ನಿಬ್ ಪೇಂಟಿಂಗ್ ತಂದರು. ಹಿಂದೆ ಎಲ್ಲೋ ಗಾಜನ್ನು ನೇರವಾಗಿ ಬಟ್ಟೆಗೆ ಒತ್ತಿ ಚೌಕಟ್ಟು ಹಾಕಿಸಿದ್ದರು. ಮಳೆಗಾಲದ ತೇವ ಗಾಜಿಗೂ ಬಟ್ಟೆಗೂ ನಡುವೆ ಸಿಕ್ಕಿಕೊಂಡು ಬೂಸರು ಹಿಡಿದಿತ್ತು, ಗಾಜು ತೆಗೆದಾಗ ಅರ್ಧ ಗರಿ ಗಾಜಿನ ಜೊತೆ ಬಂತು. ಆ ಅಮ್ಮ ಅಂಗಡಿಯಲ್ಲೇ ಕುಳಿತು ಅತ್ತರು. ಆದ್ದರಿಂದ ಗಾಜು ಹಾಕುವುದಾದರೆ ಬಟ್ಟೆಗೂ ಗಾಜಿಗೂ ನಡುವೆ ಒಳಚೌಕಟ್ಟಿನ ಅಂತರ ಇರಲೇಬೇಕು. ಗಾಜಿಲ್ಲದೆ ಇಡುವುದಾದರೆ ಧೂಳಿಗೆ ಮೆತ್ತನೆಯ ಒಣ ಕುಂಚ, ರೋಮದ ದಿಕ್ಕಿಗೆ. ಅಂಟುಪಟ್ಟಿಯಿಂದ ಧೂಳು ತೆಗೆಯಬೇಡಿ, ರೋಮವೂ ಕಿತ್ತು ಬರುತ್ತದೆ. ಸುತ್ತಿ ಇಡುವುದಾದರೆ ಚಿತ್ರದ ಮುಖ ಹೊರಗಿರಲಿ. ಮಡಚಬೇಡಿ, ಆ ಗೆರೆ ಹೋಗುವುದಿಲ್ಲ.

ದಾವಣಗೆರೆಯವರು ನುಣುಪಿನ ದಿಕ್ಕು ಮೇಲಕ್ಕಿರಲಿ ಎಂದರು. ಕಪ್ಪಿನ ಮಟ್ಟಿಗೆ ಅದು ಸರಿ. ಆದರೆ ಹಾಗೆ ಕಟ್ಟಿದಾಗ ರೋಮದ ತುದಿಗಳೆಲ್ಲ ಮೇಲ್ಮುಖವಾಗಿ ಧೂಳು ಹಿಡಿಯುತ್ತವೆ. ನಮ್ಮ ಕರಾವಳಿಯ ಮನೆಗಾದರೆ ನಾನು ಕೆಳಮುಖವನ್ನೇ ಹೇಳುತ್ತೇನೆ.

ಹಾಸುಹೊಕ್ಕು

ಧೂಳಿನ ಮಾತು ನಿಜ. ಆದರೆ ಕಪ್ಪಿಗಾಗಿಯೇ ಮಖಮಲ್ಲಿಗೆ ಬಂದವರು ಕಪ್ಪನ್ನು ಬಿಟ್ಟುಕೊಡಬಾರದು. ಮೇಲ್ಮುಖವಾಗಿ ಕಟ್ಟಿ, ಅಂತರ ಬಿಟ್ಟು ಗಾಜು ಹಾಕಲಿ. ಇನ್ನೊಂದು: ಎಣ್ಣೆ ಬಣ್ಣ ಬಳಸುವುದಾದರೆ ನೆನಪಿರಲಿ, ಅಗಸೆ ಎಣ್ಣೆ ನೇರವಾಗಿ ಹತ್ತಿಗೆ ಇಳಿದರೆ ದಶಕಗಳ ಮೇಲೆ ನೂಲು ಕಂದಿ ಪೆಡಸಾಗುತ್ತದೆ. ಕ್ಯಾನ್ವಾಸಿಗೆ ಮೊದಲು ಲೇಪ ಹಾಕುವುದು ಅದಕ್ಕಾಗಿಯೇ, ಮಖಮಲ್ಲಿಗೆ ಆ ಲೇಪ ಹಾಕುವಂತಿಲ್ಲ. ಬಣ್ಣ ತುದಿಯಲ್ಲೇ ನಿಲ್ಲಲಿ ಎಂದು ಅಜ್ಜಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕಡಲಾಚೆ

ಹತ್ತಿಯ ವೆಲ್ವೆಟೀನ್ ಸಿಕ್ಕಿತು. ಸುಟ್ಟು ನೋಡಿದೆ, ಮೆತ್ತನೆಯ ಬೂದಿ. ನುಣುಪಿನ ದಿಕ್ಕು ಮೇಲಕ್ಕೆ ಇಟ್ಟು ಚೌಕಟ್ಟಿಗೆ ಕಟ್ಟಿದ್ದೇನೆ. ಊರಿಗೆ ಫೋನು ಮಾಡಿ ತಂಗಿಯಿಂದ ರಾತ್ರಿಯ ಹೊತ್ತು ಮರದ ಕೆಳಗಿನಿಂದ ಟಾರ್ಚ್ ಹಿಡಿದು ಫೋಟೊ ತೆಗೆಸಿಕೊಂಡೆ. ಇದ್ದಿಲಿನಲ್ಲಿ ಹನ್ನೊಂದು ಸಲ ಆ ಎಲೆಗಳನ್ನು ಬರೆದೆ, ಮೇಷ್ಟ್ರೇ. ಸೂಜಿ ಚುಚ್ಚಿ ಸೀಮೆಸುಣ್ಣ ತಟ್ಟಿ ನಕ್ಷೆ ಇಳಿಸಿದೆ.

ನಿನ್ನೆ ರಾತ್ರಿ ಮೊದಲ ಪದರದ ಬಿಳಿ ಸೋಕಿಸಿದೆ. ಏನೂ ಕಾಣಲಿಲ್ಲ. ಗಾಬರಿಯಾಗುತ್ತದೆ ಎಂದು ಅಜ್ಜಿ ಮೊದಲೇ ಹೇಳಿದ್ದರಿಂದ ಕುಂಚ ಕೆಳಗಿಟ್ಟು ಮಲಗಿದೆ. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಎತ್ತಿದಾಗ ಓರೆ ಬಿಸಿಲು ಬಿತ್ತು. ಮೂರು ಎಲೆಗಳ ಅಂಚು ಕತ್ತಲೆಯೊಳಗಿಂದ ಎದ್ದು ನಿಂತಿದ್ದವು.

ನಿಬ್ಬಿನ ಅಜ್ಜಿ

ಈಗಲೇ ಹಸಿರು ಹಚ್ಚಲು ಅವಸರ ಮಾಡಬೇಡ, ತಮ್ಮಾ. ಬಿಳಿ ಪೂರ್ತಿ ಒಣಗಲಿ. ಕಾಯಿಯನ್ನು ಎಲ್ಲಿ ಇಟ್ಟಿದ್ದೀಯ, ಎಲೆಯ ಹಿಂದೆಯೋ ಮುಂದೆಯೋ?

ಕಡಲಾಚೆ

ಹಿಂದೆ, ಅಜ್ಜಿ. ಮುಕ್ಕಾಲು ಭಾಗ ಕತ್ತಲೆಯಲ್ಲಿದೆ. ಸಿಪ್ಪೆಯ ಮೇಲಿನ ಚುಕ್ಕಿಗಳಲ್ಲಿ ಹತ್ತು ಹನ್ನೆರಡಕ್ಕೆ ಮಾತ್ರ ಬೆಳಕು ಮುಟ್ಟಿಸುತ್ತೇನೆ.